ಉದ್ಯಾನ ಉಳಿಯಿತು, ಕೆರೆ ಹೋಯಿತು

ಪಿಎಚ್‌ಡಿಗೆ ಸೇರುವ ಮೊದಲು ಎರಡು ವರ್ಷ ನಾನು ಭೂದೃಶ್ಯ ವಿನ್ಯಾಸದ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಬೆಂಗಳೂರಿನ ಅಂಚಿನ ಕೆರೆಯೊಂದರ 'ಅಭಿವೃದ್ಧಿ' ನನ್ನ ಮೇಜಿಗೆ ಬಂತು. ಸುತ್ತ ನಡಿಗೆಯ ಹಾದಿ, ಕಲ್ಲುಬೆಂಚು, ತಂತಿಬೇಲಿ, ಒಂದು ಗೇಟು. ಅಳತೆಗೆ ಹೋದ ದಿನ ಹುಲ್ಲಿನ ಹೊರೆ ಹೊತ್ತಿದ್ದ ಹೆಂಗಸೊಬ್ಬರು ನಕ್ಷೆಯನ್ನು ಇಣುಕಿ ನೋಡಿ, "ನಾವು ಎಲ್ಲಿಂದ ಇಳಿಯೋದಮ್ಮಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಬೇಲಿ ಬಂತು.

ಆ ಪ್ರಶ್ನೆ ಎಷ್ಟು ಹಳೆಯದು ಎಂಬುದು ತಿಳಿದದ್ದು ಸಂಪಂಗಿ ಕೆರೆಯ ಕತೆ ಓದಿದಾಗ.

1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇಂದಿನ ಕಬ್ಬನ್ ಉದ್ಯಾನಕ್ಕೆ ರೂಪ ಕೊಟ್ಟರು. ಮೊದಲು ಅದು ಸುಮಾರು 100 ಎಕರೆ. ಅದರ ಮಗ್ಗುಲಲ್ಲೇ, ಪೇಟೆಗೂ ದಂಡಿಗೂ ನಡುವೆ, ಸಂಪಂಗಿ ಕೆರೆಯಿತ್ತು. ಉದ್ಯಾನ ನೋಡಲಿಕ್ಕೆ, ಕೆರೆ ಬದುಕಲಿಕ್ಕೆ. ತಿಗಳರ ತೋಟಗಳಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆಯುತ್ತಿದ್ದದ್ದು ಆ ನೀರಿನಿಂದ. ದನಗಳು ಮೇಯುತ್ತಿದ್ದದ್ದು, ಇಟ್ಟಿಗೆಗೆ ಮಣ್ಣು ಸಿಗುತ್ತಿದ್ದದ್ದು ಅದರ ಅಂಗಳದಲ್ಲಿ.

ಸ್ಯಾಂಕಿಗೆ ನೀರಿನ ಬೆಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1876-78ರ ಭೀಕರ ಬರದ ನಂತರ, 1882ರಲ್ಲಿ, ಇಂದು ಅವರ ಹೆಸರಿನಲ್ಲೇ ಇರುವ ಕೆರೆಯನ್ನು ಕಟ್ಟಿಸಿದವರು ಅವರೇ. ಸಂಪಂಗಿ ಕೆರೆ ಹೋದದ್ದು ಒಬ್ಬರ ಕೆಡುಕಿನಿಂದಲ್ಲ. 1896ರ ಹೊತ್ತಿಗೆ ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಯಲ್ಲಿ ನಗರಕ್ಕೆ ಬಂತು. ನಲ್ಲಿಯಲ್ಲಿ ನೀರು ಬಂದವರಿಗೆ ಪಕ್ಕದ ಕೆರೆ ಸೊಳ್ಳೆಯ ಗುಂಡಿಯಾಗಿ ಕಂಡಿತು. ಮಲೇರಿಯಾದ ಭಯ ಸುಳ್ಳೇನೂ ಅಲ್ಲ. ಆದರೆ ಅದರ ಜೊತೆಗೇ ಪೋಲೋ ಆಡುವವರಿಗೆ ಒಣಗಿದ ಅಂಗಳ ಬೇಕಾಗಿತ್ತು. ತೋಟದವರು ನೀರು ನಿಲ್ಲಬೇಕೆಂದರು, ಆಟದವರು ನೀರು ಹರಿದುಹೋಗಬೇಕೆಂದರು. ಯಾರ ಮಾತು ನಡೆಯಿತೆಂದು ಹೇಳಬೇಕಾಗಿಲ್ಲ. ಕೆರೆ ಕುಗ್ಗುತ್ತಾ ಹೋಗಿ, ಇಂದು ಅಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ.

ಉಳಿದದ್ದು ಒಂದು ಕುಂಟೆ. ಪ್ರತಿ ವರ್ಷ ಕರಗದ ಸಮಯದಲ್ಲಿ ಹಸಿ ಕರಗ ಹೊರಡುವುದು ಅಲ್ಲಿಂದಲೇ. ಜನರ ಬೇಸಾಯದ ಹಕ್ಕನ್ನು ಕಳೆದ ನಗರ ಅವರ ಪೂಜೆಯ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿತು.

ಪಕ್ಕದ ಉದ್ಯಾನಕ್ಕೆ ಒದಗಿದ ಭಾಗ್ಯವೇ ಬೇರೆ. ಅದು ಬೆಳೆಯಿತು. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ ಕಾಯ್ದೆ ಬಂತು. ಅಲ್ಲಿ ಮರಕ್ಕೆ ಕೊಡಲಿ ಬಿದ್ದರೆ ಇಂದಿಗೂ ಊರು ಎದ್ದು ನಿಲ್ಲುತ್ತದೆ, ನಿಲ್ಲಲೂ ಬೇಕು. ಆದರೆ ಕಣ್ಣಿಗೆ ಚೆಂದ ಕಾಣುವ ಹಸಿರಿಗೆ ಸಿಕ್ಕ ವಕೀಲರು, ಕೆಸರು ಮೆತ್ತಿದ ಹಸಿರಿಗೆ ಯಾಕೆ ಸಿಗಲಿಲ್ಲ?

ನಮ್ಮ ವಿದ್ಯೆಯಲ್ಲಿ ಪರಿಸರ ನೀತಿಯ ಮಾತು ಬಂದಾಗ ಇಯಾನ್ ಮ್ಯಾಕ್‌ಹಾರ್ಗ್ ಅವರ 'ಡಿಸೈನ್ ವಿತ್ ನೇಚರ್' ನೆನಪಾಗದೆ ಇರುವುದಿಲ್ಲ. 1969ರ ಆ ಪುಸ್ತಕ ಮಣ್ಣು, ನೀರು, ಇಳಿಜಾರು, ಕಾಡು ಒಂದೊಂದನ್ನೂ ಪಾರದರ್ಶಕ ಹಾಳೆಯ ಮೇಲೆ ಬರೆದು, ಒಂದರ ಮೇಲೊಂದಿಟ್ಟು, ಎಲ್ಲಿ ಕಟ್ಟಬಾರದು ಎಂಬುದನ್ನು ತೋರಿಸಿತು. ಅದು ದೊಡ್ಡ ಪಾಠ. ಸಂಪಂಗಿ ಕೆರೆಯನ್ನು ಹಾಗೆ ಬರೆದರೆ ತೂಬು, ಕೋಡಿ, ಕಾಲುವೆ ಎಲ್ಲವೂ ಹಾಳೆಗೆ ಬರುತ್ತವೆ. ಆದರೆ ಈ ನೀರಿನ ಮೇಲೆ ಯಾರಿಗೆ ಹಕ್ಕಿದೆ, ಬರಗಾಲದಲ್ಲಿ ಯಾರ ಪಾಲು ಮೊದಲು ಎಂಬುದಕ್ಕೂ ಒಂದು ಹಾಳೆ ಬೇಕು. ಅದನ್ನು ಉಪಗ್ರಹದ ಚಿತ್ರ ನೋಡಿ ಬರೆಯಲಾಗದು, ಏರಿಯ ಮೇಲೆ ನಿಂತು ಕೇಳಿಯೇ ಬರೆಯಬೇಕು.

ಈಗಲೂ ಅನೇಕ ಕೆರೆಗಳನ್ನು ಬಟ್ಟಲಿನಂತೆ ಒಂದೇ ಆಳಕ್ಕೆ ತೋಡುತ್ತೇವೆ. ಆಳವಿಲ್ಲದ ಅಂಚು ಹೋದರೆ ಜೊಂಡು ಹೋಗುತ್ತದೆ, ಕಾಲೂರಿ ಮೀನು ಹುಡುಕುವ ಹಕ್ಕಿಯೂ ಹೋಗುತ್ತದೆ. ಹುಲ್ಲು ಕೊಯ್ಯುವವರಿಗೂ ಬೇಕಾದದ್ದು ಅದೇ ಅಂಚು. ನಿಸರ್ಗದ ನ್ಯಾಯ, ಬಡವರ ನ್ಯಾಯ ಎಂದು ನಾವು ಬೇರೆ ಮಾಡುವ ಎರಡೂ ಅಲ್ಲಿ ಒಂದೇ ಗೇಣು ನೀರಿನಲ್ಲಿ ನಿಂತಿರುತ್ತವೆ.

ಕಳೆದ ತಿಂಗಳು ಆ ಕೆರೆಗೆ ಮತ್ತೆ ಹೋಗಿದ್ದೆ. ನಾನೇ ಬರೆದ ಹಾದಿಯಲ್ಲಿ ಜನ ಬೆಳಗಿನ ನಡಿಗೆಯಲ್ಲಿದ್ದರು. ಹಿಂಬದಿಯಲ್ಲಿ ಒಂದು ಕಡೆ ತಂತಿಯನ್ನು ಯಾರೋ ಬಗ್ಗಿಸಿ, ಒಬ್ಬರು ಹೊರೆಯೊಡನೆ ನುಸುಳುವಷ್ಟು ಜಾಗ ಮಾಡಿಕೊಂಡಿದ್ದರು. ನನ್ನ ನಕ್ಷೆಯಲ್ಲಿ ಇರಬೇಕಾಗಿದ್ದ ಬಾಗಿಲು ಅದು.