ರಕ್ಷಿಸಲ್ಪಟ್ಟ ಸಾಕು ಹಾವುಗಳಲ್ಲಿ ಕರುಳಿನ ಅಡಚಣೆ: ಗುರುತಿಸುವಿಕೆ, ಪ್ರಥಮೋಪಚಾರ ಮತ್ತು ಚಿಕಿತ್ಸೆ

ಪೀಠಿಕೆ

ಅಕ್ರಮ ಸಾಗಣೆಯಿಂದ ಬಿಡಿಸಲ್ಪಟ್ಟ ಅಥವಾ ಹಿಂದಿನ ಮಾಲೀಕರು ತ್ಯಜಿಸಿದ ವಿದೇಶೀ ಹಾವುಗಳು ಹಸಿವು, ನೀರಿನ ಕೊರತೆ ಮತ್ತು ಶೀತದಿಂದ ಬಳಲಿರುತ್ತವೆ. 2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನುಗಳಲ್ಲಿ 55 ಬಾಲ್ ಪೈಥಾನ್ ಹಾವುಗಳು ಪತ್ತೆಯಾಗಿದ್ದವು. ಇಂತಹ ಹಾವುಗಳಲ್ಲಿ ಕಂಡುಬರುವ ತೊಂದರೆಗಳ ಪೈಕಿ ಮಲಬದ್ಧತೆ ಮತ್ತು ಕರುಳಿನ ಅಡಚಣೆ ಮುಖ್ಯವಾದವು. ಹಾವು ನೋವನ್ನು ಕೂಗಿ ತಿಳಿಸುವುದಿಲ್ಲವಾದ್ದರಿಂದ ರೋಗವು ಬಲಿತ ನಂತರವೇ ಮಾಲೀಕರ ಗಮನಕ್ಕೆ ಬರುವುದುಂಟು. ಸಾಕು ಹಾವುಗಳ ಪೈಕಿ ಹೆಚ್ಚು ಪರಿಚಿತವಾದ ಬಾಲ್ ಪೈಥಾನ್ ಅನ್ನು ಆಧಾರವಾಗಿಟ್ಟುಕೊಂಡು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಈ ಮಾಹಿತಿಯು ಯಾವ ಹಾವುಗಳಿಗೆ ಅನ್ವಯಿಸುತ್ತದೆ?

ನಾಗರಹಾವು, ಕೇರೆಹಾವು, ಹೆಬ್ಬಾವು, ಮಣ್ಣುಮುಕ್ಕ ಹಾವು ಮುಂತಾದ ಸ್ವದೇಶಿ ಹಾವುಗಳು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ರಕ್ಷಣೆಗೆ ಒಳಪಟ್ಟಿವೆ. ಇವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಗಾಯಗೊಂಡ ಅಥವಾ ಅಸ್ವಸ್ಥವಾದ ಸ್ವದೇಶಿ ಹಾವು ಕಂಡುಬಂದಲ್ಲಿ ಸ್ವತಃ ಉಪಚರಿಸದೆ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸತಕ್ಕದ್ದು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ವಿಷರಹಿತ ಹಾವು. ಇದು 2022ರ ತಿದ್ದುಪಡಿಯ ಮೂಲಕ ಕಾಯ್ದೆಗೆ ಸೇರ್ಪಡೆಯಾದ ಅನುಸೂಚಿ 4ರ ವ್ಯಾಪ್ತಿಗೆ ಬರುತ್ತದೆ. 2024ರಲ್ಲಿ ಜಾರಿಗೆ ಬಂದ ನಿಯಮಗಳನ್ವಯ ಇಂತಹ ಪ್ರಾಣಿಯು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿಗಾಗಿ ಅರ್ಜಿ ಸಲ್ಲಿಸಬೇಕು. ಪ್ರಾಣಿಯ ಹಸ್ತಾಂತರ, ಜನನ ಮತ್ತು ಮರಣವನ್ನು ಸಹ ವರದಿ ಮಾಡಬೇಕಾಗುತ್ತದೆ. ನೋಂದಣಿ ಮತ್ತು ಚಿಕಿತ್ಸೆ ಇವೆರಡೂ ಪ್ರತ್ಯೇಕ ವಿಷಯಗಳು. ಕಾಗದಪತ್ರ ಪೂರ್ಣಗೊಂಡಿಲ್ಲವೆಂಬ ಅಂಜಿಕೆಯಿಂದ ಅಸ್ವಸ್ಥ ಹಾವಿನ ಚಿಕಿತ್ಸೆಯನ್ನು ಮುಂದೂಡಬಾರದು; ಎರಡನ್ನೂ ತಡವಿಲ್ಲದೆ ಕೈಗೊಳ್ಳುವುದು ಸೂಕ್ತ.

2. ಸಹಜ ಸ್ಥಿತಿ ಯಾವುದು?

ಹಾವಿನ ಜೀರ್ಣಕ್ರಿಯೆ ನಿಧಾನವಾದುದು. ನಾಯಿ, ಬೆಕ್ಕುಗಳಂತೆ ಅದು ದಿನವೂ ಮಲ ವಿಸರ್ಜಿಸುವುದಿಲ್ಲ. ಬಾಲ್ ಪೈಥಾನ್ ಒಂದು ಆಹಾರದ ನಂತರ ವಾರವೊಂದರಲ್ಲಿ ಮಲ ಹಾಕಬಹುದು ಅಥವಾ ಎರಡು-ಮೂರು ಆಹಾರಗಳ ಮಲವನ್ನು ಒಟ್ಟಿಗೆ ಹಾಕಬಹುದು. ಸಹಜ ವಿಸರ್ಜನೆಯಲ್ಲಿ ಕಂದು ಬಣ್ಣದ ಮಲದೊಂದಿಗೆ ಬಿಳಿ ಅಥವಾ ನಸು ಹಳದಿ ಬಣ್ಣದ, ಸುಣ್ಣದಂತಹ ಮೂತ್ರಾಂಶವಿರುತ್ತದೆ. ಈ ಮೂತ್ರಾಂಶವು ಕಲ್ಲಿನಂತೆ ಗಟ್ಟಿಯಾಗಿದ್ದಲ್ಲಿ ಹಾವಿಗೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು.

ಈ ಕೆಳಗಿನವುಗಳನ್ನು ಅಡಚಣೆಯೆಂದು ಭಾವಿಸಬಾರದು:

• ಆಹಾರ ಸೇವಿಸಿದ ಮೊದಲ ಕೆಲವು ದಿನ ದೇಹದ ಮಧ್ಯಭಾಗದಲ್ಲಿ ಕಾಣುವ ಉಬ್ಬು. ಜಠರವು ಮಧ್ಯಭಾಗದಲ್ಲಿಯೂ, ದೊಡ್ಡ ಕರುಳು ಬಾಲದ ಕಡೆಗೂ ಇರುತ್ತವೆ.
• ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿರುವಾಗ ಆಹಾರ ನಿರಾಕರಿಸುವುದು.
• ಆರೋಗ್ಯವಂತ ವಯಸ್ಕ ಹಾವು ತೂಕ ಕಳೆದುಕೊಳ್ಳದೆ ಕೆಲವು ವಾರ ಉಪವಾಸವಿರುವುದು. ಬಾಲ್ ಪೈಥಾನ್‌ಗಳಲ್ಲಿ ಇದು ಸಾಮಾನ್ಯ.

ಹೆಣ್ಣು ಹಾವಿನಲ್ಲಿ ಮೊಟ್ಟೆಗಳಿಂದಲೂ ದೇಹದ ಹಿಂಭಾಗ ಉಬ್ಬಿರಬಹುದು. ಇದನ್ನು ಪಶುವೈದ್ಯರೇ ನಿರ್ಧರಿಸಬೇಕು.

3. ಅಡಚಣೆಯ ಲಕ್ಷಣಗಳು

• ಮೂರು-ನಾಲ್ಕು ಬಾರಿ ಆಹಾರ ಸೇವಿಸಿದ ನಂತರವೂ ಮಲ ವಿಸರ್ಜನೆ ಇಲ್ಲದಿರುವುದು.
• ದೇಹದ ಕೊನೆಯ ಮೂರನೇ ಒಂದು ಭಾಗದಲ್ಲಿ ದಿನ ಕಳೆದರೂ ಇಳಿಯದ ಗಟ್ಟಿ ಉಬ್ಬು. ಅಲ್ಲಿ ಹುರುಪೆಗಳ ನಡುವಿನ ಚರ್ಮ ಹಿಗ್ಗಿ ಕಾಣುವುದು.
• ಬಾಲವನ್ನೆತ್ತಿ ಪದೇ ಪದೇ ಮುಕ್ಕುವುದು, ಆದರೆ ಏನೂ ಹೊರಬಾರದಿರುವುದು.
• ಮಲದ್ವಾರದ ಸುತ್ತ ಊತ, ಒಣಗಿದ ಮಲ ಅಥವಾ ರಕ್ತದ ಕಲೆ.
• ಸೇವಿಸಿದ ಆಹಾರವನ್ನು ಕಕ್ಕುವುದು.
• ಚಟುವಟಿಕೆ ಕುಗ್ಗುವುದು, ತೂಕ ಇಳಿಯುವುದು.

4. ಕಾರಣಗಳು

ಮೊದಲನೆಯದು ಶಾಖದ ಕೊರತೆ. ಹಾವಿನ ದೇಹವು ತಾನಾಗಿ ಶಾಖ ಉತ್ಪಾದಿಸಿ ಜೀರ್ಣಕ್ರಿಯೆ ನಡೆಸಲಾರದು. ಸುತ್ತಲಿನ ಶಾಖ ಇಳಿದಂತೆ ಕರುಳಿನ ಚಲನೆಯೂ ಇಳಿಯುತ್ತದೆ. ಬೆಂಗಳೂರು, ಮಡಿಕೇರಿ ಮುಂತಾದೆಡೆ ಚಳಿಗಾಲದ ರಾತ್ರಿಗಳು ಆಫ್ರಿಕಾ ಮೂಲದ ಈ ಹಾವಿಗೆ ತೀರ ತಂಪಾದವು. ಎರಡನೆಯದು ನೀರಿನ ಕೊರತೆ. ರಕ್ಷಿಸಲ್ಪಟ್ಟ ಹಾವುಗಳಲ್ಲಿ ಈ ಎರಡು ಕಾರಣಗಳು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ.

ಇದಲ್ಲದೆ ಅತಿ ದೊಡ್ಡ ಆಹಾರ, ಆಹಾರದೊಂದಿಗೆ ನುಂಗಿದ ಮರಳು ಅಥವಾ ಮರದ ಚಕ್ಕೆ, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಚಲನೆಯಿಲ್ಲದಿರುವುದು, ಜಂತುಹುಳು, ಗೆಡ್ಡೆ ಹಾಗೂ ಹಿಂದೆ ಬಿದ್ದ ಪೆಟ್ಟಿನಿಂದಾದ ಬೆನ್ನುಮೂಳೆಯ ಹಾನಿ ಸಹ ಕಾರಣವಾಗಬಹುದು.

5. ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಹಾವು ಚುರುಕಾಗಿದ್ದು, ಕಂಡಿಕೆ 7ರಲ್ಲಿ ತಿಳಿಸಿದ ಅಪಾಯದ ಲಕ್ಷಣಗಳು ಇಲ್ಲದಿದ್ದಲ್ಲಿ ಮಾತ್ರ ಈ ಕ್ರಮಗಳನ್ನು ಅನುಸರಿಸಬಹುದು.

(ಅ) ಆಹಾರ ನೀಡುವುದನ್ನು ನಿಲ್ಲಿಸಿ. ಅಡಚಣೆಯ ಹಿಂದೆ ಮತ್ತಷ್ಟು ಆಹಾರ ಸೇರಿದರೆ ತೊಂದರೆ ಹೆಚ್ಚುತ್ತದೆ.

(ಆ) ಪೆಟ್ಟಿಗೆಯ ಶಾಖವನ್ನು ಸರಿಪಡಿಸಿ. ಒಂದು ಬದಿಯಲ್ಲಿ 31ರಿಂದ 33 ಡಿಗ್ರಿ, ಮತ್ತೊಂದು ಬದಿಯಲ್ಲಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಥರ್ಮೋಸ್ಟಾಟ್ ಅಳವಡಿಸದ ಹೀಟರ್ ಬಳಸಬಾರದು. ಅದರಿಂದ ಹಾವಿನ ಹೊಟ್ಟೆಯ ಭಾಗ ಸುಡುವ ಸಂಭವವಿದೆ.

(ಇ) ಹಾವು ಸುತ್ತಿಕೊಂಡು ಕುಳಿತುಕೊಳ್ಳಬಹುದಾದಷ್ಟು ಅಗಲದ ಪಾತ್ರೆಯಲ್ಲಿ ಶುದ್ಧ ನೀರು ಸದಾ ಇರಲಿ.

(ಈ) ದಿನಕ್ಕೊಮ್ಮೆ 15ರಿಂದ 20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿ. ನೀರಿನ ಶಾಖ 28ರಿಂದ 30 ಡಿಗ್ರಿ ಇರಲಿ. ಕೈಗೆ ಬಿಸಿಯೆನಿಸುವ ನೀರು ಹಾವಿಗೆ ಅಪಾಯಕರವಾದ್ದರಿಂದ ಉಷ್ಣಮಾಪಕದಿಂದಲೇ ಅಳೆಯಿರಿ. ನೀರಿನ ಆಳ ಹಾವಿನ ದೇಹದ ಅರ್ಧ ದಪ್ಪವನ್ನು ಮೀರಬಾರದು. ಆ ಅವಧಿಯಲ್ಲಿ ಒಬ್ಬರು ಹತ್ತಿರವೇ ಇರತಕ್ಕದ್ದು. ನಂತರ ಒರೆಸಿ, ಬೆಚ್ಚನೆಯ ಪೆಟ್ಟಿಗೆಗೆ ಮರಳಿಸಿ.

(ಉ) ಕೈಗಳ ಮೇಲೆ ಕೆಲವು ನಿಮಿಷ ತಾನಾಗಿ ಹರಿದಾಡಲು ಬಿಡಿ. ದೇಹದ ಚಲನೆಯು ಕರುಳಿನ ಚಲನೆಗೆ ನೆರವಾಗುತ್ತದೆ.

ಮೂರು ದಿನಗಳ ನಂತರವೂ ಫಲ ದೊರೆಯದಿದ್ದಲ್ಲಿ ಪಶುವೈದ್ಯರನ್ನು ಕಾಣಬೇಕು.

6. ಮಾಡಬಾರದ ಕಾರ್ಯಗಳು

• ಉಬ್ಬನ್ನು ಬೆರಳಿನಿಂದ ಒತ್ತಿ ಅಥವಾ ನೀವಿ ಮಲವನ್ನು ಹೊರದೂಡಬಾರದು. ಕರುಳು ಒಡೆದು ಹಾವು ಸಾಯುವ ಸಂಭವವಿದೆ.
• ಹರಳೆಣ್ಣೆ ಅಥವಾ ಮನುಷ್ಯರ ಭೇದಿ ಔಷಧಿ ಕುಡಿಸಬಾರದು. ಬಾಯಿಗೆ ಸುರಿದ ಎಣ್ಣೆಯು ಶ್ವಾಸಕೋಶ ಸೇರಬಹುದು.
• ಮಲದ್ವಾರದೊಳಗೆ ಕಡ್ಡಿ, ಸಾಬೂನು ಅಥವಾ ನಳಿಕೆ ತೂರಿಸಬಾರದು.
• ಹೊರಬಂದ ಕರುಳನ್ನು ಎಳೆಯಬಾರದು, ಕತ್ತರಿಸಬಾರದು.
• ಹಾಲು ಕುಡಿಸಬಾರದು. ಹಾಲು ಹಾವಿನ ಸಹಜ ಆಹಾರವಲ್ಲ. ಬಾಯಾರಿದ ಹಾವು ಅದನ್ನು ನೀರಿನ ಬದಲಿಗೆ ಕುಡಿಯಬಹುದಾದರೂ ಜೀರ್ಣಿಸಿಕೊಳ್ಳಲಾರದು.

7. ತಕ್ಷಣ ಪಶುವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಲದ್ವಾರದಿಂದ ಕೆಂಪು ಮಾಂಸದಂತಹ ಭಾಗ ಹೊರಬಂದಿದ್ದಲ್ಲಿ, ರಕ್ತ ಸ್ರವಿಸುತ್ತಿದ್ದಲ್ಲಿ, ಹಾವು ತಲೆಯೆತ್ತಲಾಗದೆ ನಿತ್ರಾಣವಾಗಿದ್ದಲ್ಲಿ, ಬಾಯಿ ತೆರೆದು ಉಸಿರಾಡುತ್ತಿದ್ದಲ್ಲಿ, ಆಹಾರವನ್ನು ಪದೇ ಪದೇ ಕಕ್ಕಿದಲ್ಲಿ ಅಥವಾ ಉಬ್ಬು ವೇಗವಾಗಿ ಬೆಳೆಯುತ್ತಿದ್ದಲ್ಲಿ ಮನೆಯ ಉಪಚಾರದಲ್ಲಿ ಕಾಲಹರಣ ಮಾಡಬಾರದು. ಹೊರಬಂದ ಭಾಗವು ಒಣಗದಂತೆ ಶುದ್ಧವಾದ ಒದ್ದೆ ಬಟ್ಟೆಯನ್ನು ಮುಚ್ಚಿ ಕರೆದೊಯ್ಯಬೇಕು.

ಎಲ್ಲಾ ಪಶು ಆಸ್ಪತ್ರೆಗಳಲ್ಲಿ ಸರೀಸೃಪಗಳ ಚಿಕಿತ್ಸೆಗೆ ಸೌಲಭ್ಯವಿರುವುದಿಲ್ಲ. ಆದ್ದರಿಂದ ಮುಂಚಿತವಾಗಿ ದೂರವಾಣಿ ಮೂಲಕ ವಿಚಾರಿಸಿ ಹೊರಡುವುದು ಒಳ್ಳೆಯದು. ಹಾವನ್ನು ಗಟ್ಟಿ ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಗಾಳಿಯಾಡುವ ರಂಧ್ರಗಳಿರುವ ಪೆಟ್ಟಿಗೆಯೊಳಗಿಟ್ಟು ಒಯ್ಯಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಬಿಟ್ಟು ಹೋಗಬಾರದು.

ಪಶುವೈದ್ಯರು ಕ್ಷ-ಕಿರಣ, ಅಲ್ಟ್ರಾಸೌಂಡ್ ಅಥವಾ ಮಲ ಪರೀಕ್ಷೆಯಿಂದ ಕಾರಣವನ್ನು ಪತ್ತೆ ಹಚ್ಚುವರು. ಅಗತ್ಯಾನುಸಾರ ಚುಚ್ಚುಮದ್ದಿನ ಮೂಲಕ ದ್ರವ ನೀಡುವುದು, ಮೃದುವಾದ ನಳಿಕೆಯಿಂದ ಎನಿಮಾ ನೀಡುವುದು ಹಾಗೂ ಇವುಗಳಿಂದ ಸಾಧ್ಯವಾಗದಿದ್ದಲ್ಲಿ ಶಸ್ತ್ರಚಿಕಿತ್ಸೆ ಕೈಗೊಳ್ಳುವರು.

8. ತಡೆಗಟ್ಟುವ ಕ್ರಮಗಳು

ಹೊಸದಾಗಿ ಬಂದ ಹಾವಿಗೆ ಮೊದಲ ದಿನವೇ ಆಹಾರ ನೀಡಬಾರದು. ಐದರಿಂದ ಏಳು ದಿನ ಶಾಖ, ನೀರು ಮತ್ತು ವಿಶ್ರಾಂತಿ ನೀಡಿ, ನಂತರ ಚಿಕ್ಕ ಆಹಾರದಿಂದ ಆರಂಭಿಸಬೇಕು. ತೀರ ಬಡಕಲಾದ ಹಾವಿಗೆ ಪಶುವೈದ್ಯರ ಸಲಹೆಯ ನಂತರವೇ ಆಹಾರ ನೀಡಬೇಕು. ಆಹಾರದ ಇಲಿಯು ಹಾವಿನ ದೇಹದ ಅತ್ಯಂತ ದಪ್ಪ ಭಾಗಕ್ಕಿಂತ ದಪ್ಪವಿರಬಾರದು. ಜೀವಂತ ಇಲಿಯು ಹಾವನ್ನು ಕಚ್ಚಿ ಗಾಯಗೊಳಿಸಬಹುದಾದ್ದರಿಂದ ಸತ್ತ ಇಲಿಯನ್ನೇ ನೀಡಬೇಕು. ನೆಲಕ್ಕೆ ಮರಳಿನ ಬದಲು ಕಾಗದವನ್ನು ಹಾಸಿದರೆ ಮಲವನ್ನು ಗಮನಿಸುವುದೂ ಸುಲಭ.

ಆಹಾರ ನೀಡಿದ ದಿನಾಂಕ, ಮಲ ವಿಸರ್ಜನೆ, ಪೊರೆ ಬಿಟ್ಟ ದಿನ ಮತ್ತು ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹಾವು ಕೊನೆಯ ಬಾರಿ ಎಂದು ಮಲ ಹಾಕಿತೆಂಬ ಪ್ರಶ್ನೆಗೆ ನೆನಪಿನಿಂದ ನೀಡುವ ಉತ್ತರವು ಅನೇಕ ವೇಳೆ ತಪ್ಪಾಗಿರುತ್ತದೆ. ಈ ಪುಸ್ತಕವು ಅಡಚಣೆಯನ್ನು ಬೇಗನೆ ಗುರುತಿಸಲು ನೆರವಾಗುತ್ತದೆ.

9. ಮಾಲೀಕರ ಆರೋಗ್ಯ

ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲಿಯೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಹಾವು, ಪೆಟ್ಟಿಗೆ ಅಥವಾ ನೀರಿನ ಪಾತ್ರೆಯನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಹಾವಿಗೆ ಬಳಸಿದ ಪಾತ್ರೆಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರು ಹಾವಿನ ಸಂಪರ್ಕದಿಂದ ದೂರವಿರುವುದು ಕ್ಷೇಮ.

ಸಾರ್ವಜನಿಕರಲ್ಲಿ ಮನವಿ

ಬಹುಪಾಲು ಸಾಮಾನ್ಯ ಮಲಬದ್ಧತೆಯು ಸರಿಯಾದ ಶಾಖ ಮತ್ತು ನೀರಿನಿಂದಲೇ ನಿವಾರಣೆಯಾಗುತ್ತದೆ. ನಿವಾರಣೆಯಾಗದಿರುವುದು ಕೈಬಲದಿಂದಲೂ ಆಗುವುದಿಲ್ಲ. ಅದಕ್ಕೆ ವೈದ್ಯರ ನೆರವೇ ಬೇಕು. ಹಾವನ್ನು ನೋಡಿಕೊಳ್ಳಲು ಅಸಾಧ್ಯವೆನಿಸಿದಲ್ಲಿ ಅದನ್ನು ತೋಟ, ಕೆರೆ ಅಥವಾ ಕಾಡಿಗೆ ಬಿಡಬಾರದು. ವಿದೇಶೀ ಹಾವು ಅಲ್ಲಿ ಬದುಕದೆ ಸಾಯಬಹುದು ಅಥವಾ ನಮ್ಮ ಹಾವುಗಳಿಗೆ ರೋಗ ಹರಡಬಹುದು. ಅಂತಹ ಸಂದರ್ಭದಲ್ಲಿ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ ಸೂಕ್ತ ಮಾರ್ಗದರ್ಶನ ಪಡೆಯಲು ಕೋರಲಾಗಿದೆ.