ದುರ್ಗಕ್ಕೆ ಬಂದ್ರೆ ನೀರಿನ ಹಿಂದೆ ಹೋಗಿ

ಭಾಗ 1/7
"ನಿಮ್ಮ ದುರ್ಗದಲ್ಲಿ ಕೋಟೆ ಬಿಟ್ರೆ ಏನಿದೆ?" ಅಂತ ಕ್ಲಾಸ್‌ಮೇಟ್ ಒಬ್ಳು ಕೇಳಿದ್ಲು. ಹುಟ್ಟಿ ಬೆಳೆದಿದ್ದು ಇಲ್ಲೇ ಆದ್ರೂ ನನಗೆ ಥಟ್ ಅಂತ ಉತ್ತರ ಹೊಳೀಲಿಲ್ಲ. ನಾಚಿಕೆ ಆಯ್ತು. ಅದಕ್ಕೆ ಭಾನುವಾರ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು, ನಮ್ಮೂರಿಗೆ ನಾನೇ ಟೂರಿಸ್ಟ್ ಆಗಿ ಹೊರಟೆ. ಇಟ್ಕೊಂಡಿದ್ದು ಒಂದೇ ರೂಲ್: ಮಳೆನೀರು ಇಳಿಯೋ ದಾರೀಲೇ ಇಳೀಬೇಕು. ಮೇಲೆ ಕೋಟೆ, ಕೆಳಗೆ ಪೇಟೆ, ಆಮೇಲೆ ತಾಲ್ಲೂಕುಗಳು. ಸ್ವೈಪ್ ಮಾಡ್ತಾ ಬನ್ನಿ.

ಭಾಗ 2/7: ಕೋಟೆ
ಏಳು ಸುತ್ತಿನ ಕೋಟೆ ಅಂದ್ರೆ ನಮಗೆ ಗೋಡೆ, ಬುರುಜು, ಬಾಗಿಲು ನೆನಪಾಗುತ್ತೆ. ಆದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ಶತ್ರು ತಿಂಗಳುಗಟ್ಟಲೆ ಸುತ್ತ ಕೂತರೆ ಒಳಗಿರೋ ಜನ, ಕುದುರೆ, ಆನೆ ಎಲ್ಲ ಏನು ಕುಡೀತಿದ್ವು? ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಮುತ್ತಿಗೆ ಹಾಕಿದ. ಕೋಟೆ ಅವನ ಕೈಗೆ ಸಿಕ್ಕಿದ್ದು 1779ರಲ್ಲಿ. ಅಲ್ಲಿವರೆಗೂ ಮದಕರಿ ನಾಯಕನ ದುರ್ಗ ತಡ್ಕೊಂಡಿದ್ದು ಬರೀ ಕಲ್ಲಿನ ಬಲದಿಂದ ಅಲ್ಲ.

ಗೋಪಾಲಸ್ವಾಮಿ ಹೊಂಡದ ದಡದಲ್ಲಿ ನಿಂತು ಸುತ್ತ ನೋಡಿ. ಎಲ್ಲಾ ಬೋಳು ಬಂಡೆ. ಬಂಡೆ ನೀರು ಹೀರಲ್ಲ, ಬಿದ್ದ ಮಳೆಯೆಲ್ಲ ಜಾರಿ ಹೊಂಡಕ್ಕೆ ಬರುತ್ತೆ. ಅದು ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರೇ ಇಂಜಿನಿಯರ್. ಮಳೆ ಕಮ್ಮಿ ಇರೋ ನಾಡಲ್ಲಿ ಒಂದು ಹನಿನೂ ಸುಮ್ನೆ ಹರಿದು ಹೋಗಬಾರದು ಅನ್ನೋ ಲೆಕ್ಕ ಇದು.

ಭಾಗ 3/7: ಕಿಂಡಿ
ಒಬವ್ವನ ಕಿಂಡಿ ಹತ್ರ ಎಲ್ಲರೂ ರೀಲ್ಸ್ ಮಾಡ್ತಾರೆ, ನಾನೂ ಮಾಡಿದ್ದೀನಿ. ಈ ಸಲ ಕತೆಯ ಶುರು ಮಾತ್ರ ನೆನಪು ಮಾಡ್ಕೊಂಡೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಕುಡಿಯೋಕೆ ನೀರು ಇರಲಿಲ್ಲ. ನೀರು ತರೋಕೆ ಹೋದಾಗಲೇ ಅಲ್ವಾ ಒಬವ್ವನಿಗೆ ಕಿಂಡಿಯಲ್ಲಿ ಸದ್ದು ಕೇಳಿಸಿದ್ದು? ಅಲ್ಲೇ ಹತ್ರ ತಣ್ಣೀರು ದೋಣಿ ಇದೆ. ಕಿಂಡಿ ನೋಡಿದವರಲ್ಲಿ ಎಷ್ಟು ಜನ ಅದನ್ನೂ ನೋಡಿ ಬರ್ತಾರೆ?

ಒಬವ್ವನ ಕತೆ ನಮಗೆ ಉಳಿದು ಬಂದಿದ್ದು ಮುಖ್ಯವಾಗಿ ಜನರ ಬಾಯಲ್ಲಿ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಅದನ್ನ ಇಡೀ ಕರ್ನಾಟಕಕ್ಕೆ ತಲುಪಿಸ್ತು. ಆ ಸಿನಿಮಾಗೆ ಕಾದಂಬರಿ ಕೊಟ್ಟ ತರಾಸು ಅವರೇ ದುರ್ಗದ ಪತನದ ಬಗ್ಗೆ 'ದುರ್ಗಾಸ್ತಮಾನ' ಬರೆದ್ರು. ರಾಜರ ಹೆಸರು ಕಲ್ಲಲ್ಲಿ ಉಳಿಯುತ್ತೆ, ಕೊಡ ಹಿಡಿದವಳ ಹೆಸರು ನೆನಪಲ್ಲಿ ಉಳಿದಿದೆ.

ಭಾಗ 4/7: ಪೇಟೆ
ಕೋಟೆ ಇಳಿದು ಆನೆಬಾಗಿಲು, ದೊಡ್ಡಪೇಟೆ, ಚಿಕ್ಕಪೇಟೆ ಸುತ್ತಿ. ಬೀದಿ ಹೆಸರುಗಳೇ ಹಳೇ ಊರಿನ ಮ್ಯಾಪ್. ರಂಗಯ್ಯನ ಬಾಗಿಲಲ್ಲಿ ಮ್ಯೂಸಿಯಂ ಇದೆ, ಮಿಸ್ ಮಾಡಬೇಡಿ.

ನಮ್ಮಜ್ಜಿ ಇವತ್ತಿಗೂ ಹೇಳ್ತಾಳೆ, "ಸಿಹಿನೀರು ಹೊಂಡದ ನೀರಲ್ಲಿ ಬೇಳೆ ಎಷ್ಟು ಬೇಗ ಬೇಯೋದು ಗೊತ್ತಾ? ನಿಮ್ಮ ಬೋರ್ ನೀರಲ್ಲಿ ಕುಕ್ಕರ್ ಎಷ್ಟು ಸಲ ಕೂಗಿದ್ರೂ ಗಟ್ಟಿನೇ." ಮಳೆನೀರು ಮೆದು, ಬೋರ್ ನೀರು ಗಡಸು. ಅಜ್ಜಿಗೆ ಕೆಮಿಸ್ಟ್ರಿ ಗೊತ್ತಿಲ್ಲ, ಬೇಳೆ ಗೊತ್ತು.

ಸಂತೆಹೊಂಡದ ಹತ್ರ ನಿಂತಾಗ ಮಾತ್ರ ಬೇಜಾರಾಯ್ತು. ನೀರಿನ ಅಂಚಲ್ಲಿ ಚಿಪ್ಸ್ ಕವರ್, ಬಾಟಲ್ಲು, ಒಣಗಿದ ಹಾರ. ಚಿಕ್ಕೋಳಿದ್ದಾಗ ನಾನೂ ಇಲ್ಲಿ ಐಸ್‌ಕ್ರೀಂ ಕಪ್ ಎಸೆದಿದ್ದೀನಿ. ಮುತ್ತಿಗೆಯ ಕಾಲ ದಾಟಿ ಬಂದ ಹೊಂಡಕ್ಕೆ ನಾವು ಕೊಟ್ಟಿದ್ದು ಇದು.

ಭಾಗ 5/7: ಚಂದ್ರವಳ್ಳಿ
ಊರಿನ ಅಂಚಲ್ಲೇ ಇದೆ, ನಾವು ಪಿಕ್ನಿಕ್ ಸ್ಪಾಟ್ ಅಂದ್ಕೊಂಡಿದ್ದೀವಿ. ಅಂಕಲಿ ಮಠದ ಕತ್ತಲೆ ಗುಹೆಗೆ ಹೋಗಿ ಟಾರ್ಚ್ ಹಾಕಿ ಕಿರುಚಿ ವಾಪಸ್ ಬರ್ತೀವಿ. ಆದ್ರೆ ಇಲ್ಲಿನ ಭೈರವೇಶ್ವರ ಗುಡಿ ಹತ್ರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಕಾಲ 4ನೇ ಶತಮಾನ, ಭಾಷೆ ಪ್ರಾಕೃತ. ವಿಷಯ ಏನು ಗೊತ್ತಾ? ಕೆರೆ! ಪಲ್ಲವರಂಥ ದೊಡ್ಡ ದೊಡ್ಡವರನ್ನ ಗೆದ್ದೆ ಅನ್ನೋ ರಾಜ, ಅದೇ ಉಸಿರಲ್ಲಿ ಕೆರೆ ಕೆಲಸವನ್ನೂ ಹೇಳ್ಕೊಂಡಿದ್ದಾನೆ.

ಅದಕ್ಕೂ ಹಿಂದೆ ಇಲ್ಲಿ ಶಾತವಾಹನರ ಕಾಲದ ಊರಿತ್ತು. ಎಂ. ಎಚ್. ಕೃಷ್ಣ ಅವರು ಇಲ್ಲಿ ಉತ್ಖನನ ಮಾಡಿಸಿದ್ರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಕೂಡ ಅಗೆಸಿದ್ರು. ರೋಮ್ ದೊರೆಗಳ ಬೆಳ್ಳಿ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ನೀರಿದ್ದ ಕಡೆ ಊರು, ಊರಿದ್ದ ಕಡೆ ವ್ಯಾಪಾರ.

ಭಾಗ 6/7: ತಾಲ್ಲೂಕುಗಳು
ಹೊಳಲ್ಕೆರೆ: ಬಯಲು ಗಣಪನಿಗೆ ಕೈ ಮುಗಿದು ಊರ ಹೆಸರನ್ನ ಬಿಡಿಸಿ ನೋಡಿ. ಹೊಳಲ್ ಅಂದ್ರೆ ಹಳಗನ್ನಡದಲ್ಲಿ ಪಟ್ಟಣ. ಪಟ್ಟಣದ ಪಕ್ಕ ಕೆರೆ! ಚಳ್ಳಕೆರೆ, ಭೀಮಸಮುದ್ರ, ಭರಮಣ್ಣ ನಾಯಕನ ಭರಮಸಾಗರ, ನಮ್ಮ ಜಿಲ್ಲೆ ಹೆಸರುಗಳಲ್ಲೇ ಎಷ್ಟು ನೀರು ನೋಡಿ.

ಹಿರಿಯೂರು: ಮಾರಿಕಣಿವೆ. ಎರಡು ಗುಡ್ಡಗಳ ಮಧ್ಯೆ ವೇದಾವತಿಗೆ ಅಡ್ಡ ಕಟ್ಟಿದ ವಾಣಿ ವಿಲಾಸ ಸಾಗರ. ಮಹಾರಾಣಿ ಕೆಂಪನಂಜಮ್ಮಣ್ಣಿ ಅವರು ರಾಜ್ಯಭಾರ ನೋಡ್ಕೊಳ್ತಿದ್ದಾಗ ಶುರುವಾಗಿ 1907ರಲ್ಲಿ ಮುಗೀತು. ಅಂದ್ರೆ ಕೆಆರ್‌ಎಸ್ ಕೆಲಸ ಶುರುವಾಗೋಕೂ ಮುಂಚೆ. ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ್ಮೇಲೆ! ಜನ ಜಾತ್ರೆ ಥರ ಹೋಗಿ ನೋಡಿದ್ರು, ನಾವೂ ಆಟೋ ಮಾಡ್ಕೊಂಡು ಹೋಗಿದ್ವಿ. 2025ರ ಜನವರಿಯಲ್ಲಿ ಇನ್ನೊಂದು ಸಲ ಬಿತ್ತು.

ಹೊಸದುರ್ಗ: ಅದೇ ನೀರಿನ ಇನ್ನೊಂದು ಮುಖ. ಡ್ಯಾಂ ತುಂಬಿದಾಗ ಹಿನ್ನೀರು ಈ ಕಡೆಯ ಹೊಲ, ತೋಟಕ್ಕೆ ನುಗ್ಗಿತು. ಹಿರಿಯೂರಲ್ಲಿ ಬಾಗಿನ, ಹೊಸದುರ್ಗದಲ್ಲಿ ಬೆಳೆ ಹೋದ ರೈತರ ಕಣ್ಣೀರು. ಕೋಡಿಯ ಫೋಟೋಗೆ ಲೈಕ್ ಒತ್ತಿದ ನಾನು ಆವಾಗ ಈ ಕಡೆ ತಿರುಗಿ ನೋಡಿರಲಿಲ್ಲ. ಇತಿಹಾಸ ಓದೋವಾಗ ಎರಡೂ ದಡ ನೋಡಬೇಕು, ಅಷ್ಟೇ.

ಭಾಗ 7/7
ಈಗ ಆ ಕ್ಲಾಸ್‌ಮೇಟ್‌ಗೆ ಉತ್ತರ. ಕೋಟೆ ಬಿಟ್ರೆ ಏನಿದೆ ಅಂದ್ಯಲ್ಲ? ಕೋಟೆನ ಬದುಕಿಸಿದ ನೀರಿದೆ ಕಣೇ. ಬೇಸಿಗೆ ರಜೆಗೆ ಬಾ, ಬಂಡೆ ಮೇಲಿಂದ ಸಂತೆಹೊಂಡದವರೆಗೂ ನಡೆಸ್ತೀನಿ. ಬಾಟಲ್ ನೀನೇ ತಾ, ಖಾಲಿ ಬಾಟಲ್‌ನೂ ನೀನೇ ವಾಪಸ್ ತಗೊಂಡು ಹೋಗು.

ಉಳಿದವ್ರಿಗೆ ಒಂದು ಕೆಲಸ: ನಿಮ್ಮ ಓಣಿಯ ಹಳೇ ಬಾವಿ, ಕಲ್ಯಾಣಿ, ಕಟ್ಟೆ ಯಾವುದು? ಮನೇಲಿ ಅಜ್ಜಿ-ತಾತನ್ನ ಕೇಳಿ, ಹೆಸರು ಕಾಮೆಂಟ್ ಮಾಡಿ. ಆ ಹೆಸರು ಅವರ ಜೊತೆಗೇ ಹೋಗಿಬಿಡೋಕೆ ಮುಂಚೆ ಬರೆದಿಟ್ಕೊಳ್ಳೋಣ. ಸೇವ್ ಮಾಡಿ, ಟ್ರಿಪ್ ಪ್ಲಾನ್ ಮಾಡ್ತಿರೋ ಗ್ಯಾಂಗಿಗೆ ಕಳಿಸಿ.

#ನಮ್ಮದುರ್ಗ #ಚಿತ್ರದುರ್ಗ #ಸಂತೆಹೊಂಡ #ಚಂದ್ರವಳ್ಳಿ #ಮಾರಿಕಣಿವೆ #ಊರಿನಕತೆ