ಮದುವೆ ಫೋಟೋದ ನೆಗೆಟಿವ್ ಯಾರದ್ದು?

2021ರ ಅಕ್ಟೋಬರ್ 7ರಂದು ಅಮೆರಿಕದ ಉತ್ತರ ಡಕೋಟಾ ರಾಜ್ಯದ ರಾಜಧಾನಿ ಬಿಸ್ಮಾರ್ಕ್‌ನಲ್ಲಿ ಗ್ಲಾಸರ್ ಇಮೇಜಸ್ ಎಂಬ ಮದುವೆ ಫೋಟೋಗ್ರಫಿ ಕಂಪನಿ ದಿಢೀರನೆ ಬಾಗಿಲು ಹಾಕಿತು. ಮುಂಬರುವ ಮದುವೆಗೆ ಮುಂಗಡ ಕಟ್ಟಿದ್ದವರಿಗೂ, ಮದುವೆ ಮುಗಿದು ಫೋಟೋಗಳಿಗಾಗಿ ಕಾಯುತ್ತಿದ್ದವರಿಗೂ ಸಿಕ್ಕಿದ್ದು ಒಂದೇ ಉತ್ತರ: ಕಂಪನಿ ಮುಚ್ಚಿದೆ, ಹಣ ಹಿಂದಿರುಗಿಸುವ ಸ್ಥಿತಿಯಲ್ಲಿಲ್ಲ. ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ನೂರಾರು ದೂರುಗಳು ಬಂದವು.

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡದ್ದು ವಧೂವರರ ಅಳಲು. ಅದು ಸಹಜ. ಆದರೆ ಅದೇ ಸುದ್ದಿಯೊಳಗೆ ಇನ್ನೊಂದು ವರ್ಗದ ಜನರಿದ್ದರು: ಕಂಪನಿಯ ಹೆಸರಿನಲ್ಲಿ ಮದುವೆಗಳಿಗೆ ಹೋಗಿ ಕ್ಯಾಮೆರಾ ಹಿಡಿದವರು. ಅವರು ಸಂಬಳದ ನೌಕರರಲ್ಲ, ಗುತ್ತಿಗೆಯ ಮೇಲೆ ದುಡಿಯುವ ಫ್ರೀಲಾನ್ಸ್ ಫೋಟೋಗ್ರಾಫರುಗಳು. ಮಾಡಿದ ಕೆಲಸಕ್ಕೆ ದುಡ್ಡು ಬಂದಿಲ್ಲ ಎಂದು ಅವರಲ್ಲೂ ಹಲವರು ಹೇಳಿಕೊಂಡರು. ಚಿತ್ರ ತೆಗೆದವರಿಗೆ ಕೂಲಿ ಇಲ್ಲ, ತೆಗೆಸಿಕೊಂಡವರಿಗೆ ಚಿತ್ರ ಇಲ್ಲ. ಈ ಸ್ಥಿತಿ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಇದರ ಹಿಂದೆ ನೂರೈವತ್ತು ವರ್ಷಗಳ ಕಥೆಯಿದೆ, ಮತ್ತು ಆ ಕಥೆಯ ಉದ್ದಕ್ಕೂ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ನೆಗೆಟಿವ್ ಯಾರ ಪೆಟ್ಟಿಗೆಯಲ್ಲಿದೆ?

ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಮದುವೆಯಾದ 1840ರಲ್ಲಿ ಫೋಟೋಗ್ರಫಿ ಇನ್ನೂ ಕೂಸು. ಆ ಮದುವೆಯ ಫೋಟೋ ಇಲ್ಲ. ಹದಿನೆಂಟು ವರ್ಷಗಳ ನಂತರ, 1858ರ ಜನವರಿಯಲ್ಲಿ, ಆಕೆಯ ಹಿರಿಮಗಳ ಮದುವೆಯ ದಿನ, ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಮೂಡುವ ಡಾಗೆರೋಟೈಪ್ ಚಿತ್ರ ತೆಗೆಸಿದರು. ಮಗಳು ಸ್ಪಷ್ಟವಾಗಿ ಕಾಣುತ್ತಾಳೆ, ರಾಣಿಯ ಮುಖ ಮಾತ್ರ ಮಸುಕು. ಆಕೆಗೆ ಅಲುಗಾಡದೆ ನಿಲ್ಲಲಾಗಿರಲಿಲ್ಲ. ಮದುವೆ ಮನೆಯ ಗದ್ದಲ, ಕಣ್ಣೀರು, ಓಡಾಟ ಯಾವುದಕ್ಕೂ ಆಗಿನ ಕ್ಯಾಮೆರಾ ಒಗ್ಗುತ್ತಿರಲಿಲ್ಲ. ಹೀಗಾಗಿ ಮದುವೆ ಫೋಟೋ ಎಂದರೆ ಸ್ಟುಡಿಯೋಕ್ಕೆ ಹೋಗಿ ಉಸಿರು ಬಿಗಿಹಿಡಿದು ನಿಲ್ಲುವುದೇ ಆಗಿತ್ತು. ಎಷ್ಟೋ ಸಲ ಅದು ಮದುವೆಯಾದ ಕೆಲವು ದಿನಗಳ ನಂತರ ನಡೆಯುತ್ತಿತ್ತು.

ಈ ಸ್ಟುಡಿಯೋಗಳನ್ನೇ ಮೊದಲು ದೊಡ್ಡ ವ್ಯಾಪಾರವಾಗಿ ಕಟ್ಟಿದವರಲ್ಲಿ ಅಮೆರಿಕದ ಬಾಲ್ಟಿಮೋರಿನ ಬ್ಯಾಕ್ರಾಕ್ ಮನೆತನ ಮುಖ್ಯ. ಡೇವಿಡ್ ಬ್ಯಾಕ್ರಾಕ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಅಧ್ಯಕ್ಷ ಲಿಂಕನ್ ಭಾಷಣ ಮಾಡಿದ ದಿನ ಅಲ್ಲಿ ಸಹಾಯಕ ಛಾಯಾಗ್ರಾಹಕನಾಗಿದ್ದ ಹುಡುಗ. ಮುಂದೆ ಸ್ವಂತ ಸ್ಟುಡಿಯೋ ತೆರೆದ. ಮಕ್ಕಳ ಕಾಲಕ್ಕೆ, 1929ರ ಹೊತ್ತಿಗೆ, ಬ್ಯಾಕ್ರಾಕ್ ಹೆಸರಿನ 48 ಸ್ಟುಡಿಯೋಗಳಿದ್ದವು. ಆರ್ಥಿಕ ಮಹಾಕುಸಿತ ಅವುಗಳಲ್ಲಿ ಬಹುಪಾಲನ್ನು ನುಂಗಿತು. ಚಿತ್ರದ ಕೆಳಗೆ ಬೀಳುತ್ತಿದ್ದದ್ದು ಮನೆತನದ ಹೆಸರು. ಶಟರ್ ಒತ್ತಿದ ನೌಕರನ ಹೆಸರು ಎಲ್ಲಿಯೂ ಇಲ್ಲ. ಆದರೂ ಅವನಿಗೆ ತಿಂಗಳ ಸಂಬಳವಿತ್ತು, ಕ್ಯಾಮೆರಾ ಮಾಲೀಕನದಾಗಿತ್ತು, ಗಾಜಿನ ಪ್ಲೇಟು ಒಡೆದರೆ ನಷ್ಟವೂ ಮಾಲೀಕನದೇ.

ಸ್ಟುಡಿಯೋದ ಗೋಡೆ ಒಡೆದದ್ದು ಎರಡನೇ ಮಹಾಯುದ್ಧದ ನಂತರ. ಸೇನೆಯಲ್ಲಿ ಕ್ಯಾಮೆರಾ ಹಿಡಿಯಲು ಕಲಿತ ಯುವಕರು ಊರಿಗೆ ಮರಳಿದ್ದರು. 1946ರಲ್ಲಿ ಅಮೆರಿಕದಲ್ಲಿ ಸುಮಾರು 22.9 ಲಕ್ಷ ಮದುವೆಗಳಾದವು, ಅಲ್ಲಿಯವರೆಗಿನ ದಾಖಲೆ. ಕೈಯಲ್ಲಿ ಕಸುಬು, ಎದುರಿಗೆ ಮದುವೆಗಳ ಸುಗ್ಗಿ. ಯಾರೂ ಕರೆಯದಿದ್ದರೂ ಚರ್ಚಿನ ಬಾಗಿಲಿಗೆ ಹೋಗಿ ಫೋಟೋ ತೆಗೆದು, ಆಮೇಲೆ ಮನೆಗೆ ಒಯ್ದು ತೋರಿಸಿ, ಇಷ್ಟವಾದರೆ ಕೊಳ್ಳಿ ಎನ್ನುವವರು ಹುಟ್ಟಿಕೊಂಡರು. ಸ್ಟುಡಿಯೋದವರಿಗೆ ಇವರನ್ನು ಕಂಡರಾಗದು. ಆದರೆ ಮದುವೆ ನಡೆಯುವಲ್ಲಿಗೇ ಹೋಗಿ ಇಡೀ ದಿನವನ್ನು ಚಿತ್ರಿಸುವ ಪದ್ಧತಿಗೆ ಇವರೂ ಕಾರಣರು. ಅದಕ್ಕೆ ಸಲ್ಲಬೇಕಾದ ಮನ್ನಣೆ ಅವರಿಗೆ ಸಲ್ಲಲೇ ಇಲ್ಲ.

ಆ ಕೆಲಸದ ಕಷ್ಟವನ್ನು ಇಂದಿನ ಫೋಟೋಗ್ರಾಫರ್ ಊಹಿಸುವುದೂ ಕಷ್ಟ. ಆಗ ಹೆಸರುವಾಸಿಯಾಗಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾಕ್ಕೆ ನಾಲ್ಕು ಅಂಗುಲಕ್ಕೆ ಐದು ಅಂಗುಲದ ಫಿಲ್ಮ್ ಹಾಳೆ. ಒಂದು ಹೋಲ್ಡರಿನಲ್ಲಿ ಎರಡೇ ಹಾಳೆ, ಈ ಕಡೆ ಒಂದು, ಆ ಕಡೆ ಒಂದು. ಹೋಲ್ಡರ್ ಸೇರಿಸಬೇಕು, ಬೆಳಕು ತಡೆಯುವ ತಗಡನ್ನು ಎಳೆಯಬೇಕು, ಶಟರ್ ಸಜ್ಜು ಮಾಡಬೇಕು, ಫ್ಲಾಶ್ ಬಲ್ಬ್ ಸಿಕ್ಕಿಸಬೇಕು, ಒತ್ತಬೇಕು. ತಗಡನ್ನು ಮತ್ತೆ ಒಳಕ್ಕೆ ತಳ್ಳಿ, ಹೋಲ್ಡರ್ ತಿರುಗಿಸಿ, ಕೈ ಸುಡುವ ಬಲ್ಬನ್ನು ಕಿತ್ತು ಹೊಸದನ್ನು ಹಾಕಬೇಕು. ಒಂದು ಬಲ್ಬ್ ಒಂದೇ ಸಲ ಉರಿಯುತ್ತಿತ್ತು. ಕೋಟಿನ ಜೇಬು ತುಂಬ ಬಲ್ಬ್. ಇಷ್ಟೆಲ್ಲ ಆಗುವಷ್ಟರಲ್ಲಿ ಉಂಗುರ ತೊಡಿಸಿಯಾಗಿರುತ್ತಿತ್ತು.

1957ರಲ್ಲಿ ಹ್ಯಾಸೆಲ್‌ಬ್ಲಾಡ್ 500ಸಿ ಬಂದ ಮೇಲೆ ಕೈ ಹಗುರವಾಯಿತು, ಒಂದು ರೋಲಿಗೆ 12 ಚಿತ್ರ. ವ್ಯಾಪಾರದ ಒಳಗುಟ್ಟು ಮಾತ್ರ ಬದಲಾಗಲಿಲ್ಲ. ಮದುವೆಗೆ ಹೋಗಿ ಬರುವ ಶುಲ್ಕ ಕಡಿಮೆ, ಲಾಭವೆಲ್ಲ ಪ್ರಿಂಟುಗಳಲ್ಲಿ. ಮದುಮಗಳ ಅಮ್ಮನಿಗೆ ಒಂದು, ಅಜ್ಜಿಗೆ ಒಂದು, ಗೋಡೆಗೆ ದೊಡ್ಡದೊಂದು. ಹತ್ತು ವರ್ಷ ಬಿಟ್ಟು ಇನ್ನೊಂದು ಪ್ರತಿ ಬೇಕೆಂದರೂ ಅದೇ ಫೋಟೋಗ್ರಾಫರನ ಹತ್ತಿರ ಹೋಗಬೇಕು, ನೆಗೆಟಿವ್ ಇರುವುದು ಅವನ ಕಪಾಟಿನಲ್ಲಿ. ಆ ಕಪಾಟೇ ಅವನ ಆಸ್ತಿ, ವಯಸ್ಸಾದ ಮೇಲಿನ ಪಿಂಚಣಿ.

ಇದೇ ಕಾಲದಲ್ಲಿ ಪಕ್ಕದ ಓಣಿಯಲ್ಲಿ ಕಂಪನಿಗಳು ಬೆಳೆಯುತ್ತಿದ್ದವು. 1932ರಲ್ಲಿ ಅಲಬಾಮಾದ ಟಸ್ಕಲೂಸಾದಲ್ಲಿ ಶುರುವಾದ ಓಲನ್ ಮಿಲ್ಸ್ ಮುಂದೆ ದೇಶವ್ಯಾಪಿ ಸ್ಟುಡಿಯೋ ಸರಪಳಿಯಾಯಿತು. ಸೇಂಟ್ ಲೂಯಿಯ ಸಿಪಿಐ ಕಾರ್ಪೊರೇಷನ್ ಸಿಯರ್ಸ್ ಮಳಿಗೆಗಳೊಳಗೆ ಪೋರ್ಟ್ರೇಟ್ ಸ್ಟುಡಿಯೋ ನಡೆಸಿತು, 2007ರಲ್ಲಿ ವಾಲ್‌ಮಾರ್ಟ್‌ನೊಳಗಿನ ಸ್ಟುಡಿಯೋಗಳನ್ನೂ ಕೊಂಡಿತು. ಇವುಗಳ ಕಸುಬು ಮಕ್ಕಳ, ಕುಟುಂಬದ ಫೋಟೋ. ಅದೇ ಕೋಣೆ, ಅದೇ ಪರದೆ, ಅದೇ ದೀಪ. ತರಬೇತಿ ಕೊಟ್ಟು ಯಾರನ್ನಾದರೂ ನಿಲ್ಲಿಸಬಹುದು.

ಮದುವೆ ಮಾತ್ರ ಈ ಕಂಪನಿಗಳ ಕೈಗೆ ಬಹುಕಾಲ ಸಿಗಲಿಲ್ಲ. ಕಾರಣ ಸರಳ. ಅಮೆರಿಕದಲ್ಲಿ ಮದುವೆಗಳು ಶನಿವಾರಕ್ಕೆ ಮುಗಿಬೀಳುತ್ತವೆ, ಅದೂ ಬೇಸಿಗೆಯಿಂದ ಶರತ್ಕಾಲದವರೆಗೆ ಹೆಚ್ಚು. ಒಂದೇ ಶನಿವಾರ ಐವತ್ತು ಊರಿನಲ್ಲಿ ಐವತ್ತು ಮದುವೆ ಹಿಡಿಯಬೇಕಾದರೆ ಐವತ್ತು ಜನ ಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಅವರಿಗೆ ಕೆಲಸವಿಲ್ಲ. ಅಷ್ಟು ಜನರಿಗೆ ಸಂಬಳ ಕೊಟ್ಟು ಸಾಕುವುದು ಯಾವ ಲೆಕ್ಕಕ್ಕೂ ಕೂರದು. ನಮ್ಮಲ್ಲೂ ವೈಶಾಖದ ಒಂದು ಒಳ್ಳೆಯ ಮುಹೂರ್ತಕ್ಕೆ ಊರಿನ ಕಲ್ಯಾಣ ಮಂಟಪಗಳೆಲ್ಲ ಒಟ್ಟಿಗೆ ತುಂಬುತ್ತವೆ, ಆಷಾಢದಲ್ಲಿ ಖಾಲಿ ಹೊಡೆಯುತ್ತವೆ. ಫ್ರೀಲಾನ್ಸ್ ಎಂಬ ವ್ಯವಸ್ಥೆಗೆ ಮದುವೆಯ ಕ್ಯಾಲೆಂಡರೇ ಬುನಾದಿ.

ಕಂಪನಿಗಳಿಗೆ ಮದುವೆ ಮನೆಯ ಬಾಗಿಲು ತೆರೆದದ್ದು ಡಿಜಿಟಲ್ ಕ್ಯಾಮೆರಾ. ಅದಕ್ಕೂ ಸ್ವಲ್ಪ ಮೊದಲು ಅಭಿರುಚಿ ಬದಲಾಗಿತ್ತು. 1996ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯ ಮಗ ಜಾನ್ ಕೆನಡಿ ಜೂನಿಯರ್ ಗುಟ್ಟಾಗಿ ಮದುವೆಯಾದಾಗ ಡೆನಿಸ್ ರೆಜಿ ತೆಗೆದ ಚಿತ್ರ, ಮದುಮಗ ಬಾಗಿ ಮದುಮಗಳ ಕೈಗೆ ಮುತ್ತಿಡುವುದು, ಲೋಕವೆಲ್ಲ ಸುತ್ತಿತು. ಪೋಸ್ ಕೊಡಿಸದೆ, ವರದಿಗಾರನಂತೆ ಮದುವೆಯನ್ನು ಹಿಂಬಾಲಿಸುವ ಶೈಲಿಗೆ ಬೇಡಿಕೆ ಬಂತು. ಸಾವಿರಾರು ಚಿತ್ರ ತೆಗೆಯಬೇಕು, ಫಿಲ್ಮಿನಲ್ಲಿ ಅದು ದುಬಾರಿ. ಮೆಮೊರಿ ಕಾರ್ಡ್ ಬಂದ ಮೇಲೆ ಆ ಚಿಂತೆ ತೀರಿತು. ಅದರ ಜೊತೆಗೇ ಫೋಟೋಗ್ರಾಫರನ ಕಪಾಟೂ ಹೋಯಿತು. ಕಾರ್ಡಿನಲ್ಲಿರುವುದನ್ನು ಸಾವಿರ ಮೈಲಿ ದೂರದ ಕಚೇರಿಗೆ ಕಳಿಸಿದರೆ ಆಯಿತು. ಆಯ್ಕೆ, ಬಣ್ಣ ತಿದ್ದುವುದು, ಆಲ್ಬಂ ಜೋಡಿಸುವುದು ಎಲ್ಲವೂ ಅಲ್ಲಿಯೇ.

ಸ್ಯಾನ್ ಫ್ರಾನ್ಸಿಸ್ಕೊದ ಬೆಲ್ಲಾ ಪಿಕ್ಚರ್ಸ್ ಈ ಹೊಸ ದಾರಿಯ ದೊಡ್ಡ ಹೆಸರು. ಹಲವು ನಗರಗಳಲ್ಲಿ ಒಂದೇ ಬ್ರಾಂಡ್, ನಿಗದಿತ ಪ್ಯಾಕೇಜು, ಕ್ಯಾಮೆರಾ ಹಿಡಿಯಲು ಗುತ್ತಿಗೆಯ ಫೋಟೋಗ್ರಾಫರು. 2011ರ ಜನವರಿಯಲ್ಲಿ ಅದರ ಆಸ್ತಿಯನ್ನು ಅದೇ ಸಿಪಿಐ ಕೊಂಡಿತು. ಶಾಪಿಂಗ್ ಮಳಿಗೆಯ ಪೋರ್ಟ್ರೇಟ್ ಕಂಪನಿ ಕಡೆಗೂ ಮದುವೆ ಮನೆಗೆ ಕಾಲಿಟ್ಟಿತು. ಆದರೆ ಎರಡೇ ವರ್ಷ. 2013ರ ಏಪ್ರಿಲ್‌ನಲ್ಲಿ ಸಾಲದ ಭಾರದಿಂದ ಕುಸಿದ ಸಿಪಿಐ ಅಮೆರಿಕದ ತನ್ನ ಸ್ಟುಡಿಯೋಗಳನ್ನೆಲ್ಲ ಒಮ್ಮೆಲೇ ಮುಚ್ಚಿತು. ಸ್ಟುಡಿಯೋಗಳ ಬಾಗಿಲಿಗೆ ಚೀಟಿ ಅಂಟಿತ್ತು, ಫೋಟೋ ತೆಗೆಸಿ ಪ್ರಿಂಟಿಗಾಗಿ ಕಾದಿದ್ದವರು ಹೊರಗೆ ನಿಂತಿದ್ದರು.

ಇಂಥ ಕಂಪನಿಗೆ ದುಡಿಯುವ ಫ್ರೀಲಾನ್ಸ್ ಫೋಟೋಗ್ರಾಫರನ ಒಂದು ದಿನವನ್ನು ನೋಡಬೇಕು. ಮದುಮಗಳ ಮುಖವನ್ನು ಅವನು ಮೊದಲು ಕಾಣುವುದು ಅನೇಕ ಸಲ ಮದುವೆಯ ಬೆಳಿಗ್ಗೆಯೇ. ಆಕೆ ಮಾತಾಡಿದ್ದು, ಚೌಕಾಸಿ ಮಾಡಿದ್ದು, ಹಣ ಕಟ್ಟಿದ್ದು ಎಲ್ಲ ಕಂಪನಿಯ ಮಾರಾಟದವರ ಜೊತೆ. ಕ್ಯಾಮೆರಾ, ಲೆನ್ಸು, ಪೆಟ್ರೋಲು, ವಿಮೆ ಅವನ ಖರ್ಚು. ಯಾರಾದರೂ ನೆಂಟರು ವಿಸಿಟಿಂಗ್ ಕಾರ್ಡ್ ಕೇಳಿದರೆ ತನ್ನದನ್ನು ಕೊಡುವಂತಿಲ್ಲ. ಎಂಟು ಗಂಟೆಗೆ ಇಷ್ಟು ಎಂದು ನಿಗದಿ, ಮೆಮೊರಿ ಕಾರ್ಡ್ ಒಪ್ಪಿಸಿದರೆ ಅವನ ಕೆಲಸ ಮುಗಿಯಿತು. ಆಲ್ಬಂ ಹೇಗೆ ಬಂತೆಂದು ನೋಡುವ ಭಾಗ್ಯ ಅವನಿಗಿಲ್ಲ, ತಡವಾದರೆ ಬೈಗುಳ ಮಾತ್ರ ಅವನಿಗೂ ತಲುಪುತ್ತದೆ. ಹೊಸಬರಿಗೆ ಇದರಿಂದ ಅನುಕೂಲವೂ ಉಂಟು. ಗಿರಾಕಿ ಹುಡುಕುವ, ಬಾಕಿ ವಸೂಲು ಮಾಡುವ ತಲೆನೋವಿಲ್ಲ, ಕೈ ಪಳಗಲು ಬೇಕಾದಷ್ಟು ಮದುವೆ ಸಿಗುತ್ತದೆ. ಅದನ್ನು ಅಲ್ಲಗಳೆಯಲಾಗದು. ಆದರೆ ಪಳಗಿದ ಮೇಲೆ ತೋರಿಸಲು ತನ್ನ ಹೆಸರಿನ ಒಂದು ಚಿತ್ರವೂ ಇಲ್ಲದೆ ಹೋದರೆ ಆ ಕಲಿಕೆಗೆ ಸಿಕ್ಕ ಪ್ರತಿಫಲವೇನು?

ಚಿತ್ರ ಯಾರದ್ದು ಎನ್ನುವುದಕ್ಕೆ ಅಮೆರಿಕದ ಕಾನೂನು ಎರಡು ಬಗೆಯ ಉತ್ತರ ಕೊಟ್ಟಿದೆ. 1909ರ ಕಾಯ್ದೆಯ ಕಾಲದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಹಣ ಕೊಟ್ಟು ತೆಗೆಸಿದವರ ಕಡೆ ವಾಲುತ್ತಿದ್ದವು. 1978ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಅದನ್ನು ತಿರುಗಿಸಿತು: ಶಟರ್ ಒತ್ತಿದ ಕ್ಷಣದಿಂದ ಹಕ್ಕು ಒತ್ತಿದವನದು, ಅವನು ನೌಕರನಾಗಿದ್ದರೆ ಮಾತ್ರ ಮಾಲೀಕನದು. ಹಾಗಾದರೆ ನೌಕರನೆಂದರೆ ಯಾರು? ಇದನ್ನು ತೀರ್ಮಾನಿಸಿದ್ದು ಒಂದು ಶಿಲ್ಪ. 1985ರಲ್ಲಿ ವಾಷಿಂಗ್ಟನ್ನಿನ ಸಂಸ್ಥೆಯೊಂದು ನಿರ್ಗತಿಕ ಕುಟುಂಬದ ಪ್ರತಿಮೆ ಮಾಡಿಕೊಡಲು ಬಾಲ್ಟಿಮೋರಿನ ಶಿಲ್ಪಿ ಜೇಮ್ಸ್ ಅರ್ಲ್ ರೀಡ್‌ನನ್ನು ಕೇಳಿಕೊಂಡಿತು. ಕಲ್ಪನೆ ಸಂಸ್ಥೆಯದು, ಕೈ ರೀಡ್‌ನದು. ಕೆಲಸ ಮುಗಿದ ಮೇಲೆ ಇಬ್ಬರೂ ಹಕ್ಕು ತಮ್ಮದೆಂದರು. 1989ರಲ್ಲಿ ಸುಪ್ರೀಂ ಕೋರ್ಟ್ ನೋಡಿದ ಸಂಗತಿಗಳು ಬಹಳ ವ್ಯಾವಹಾರಿಕವಾದವು. ಉಪಕರಣ ಯಾರದ್ದು, ಕೆಲಸ ಎಲ್ಲಿ ನಡೆಯಿತು, ಎಷ್ಟು ಕಾಲ, ಬೇರೆ ಕೆಲಸ ಹೇಳುವ ಅಧಿಕಾರ ಇತ್ತೇ, ತೆರಿಗೆ ಹೇಗೆ ಕಟ್ಟಿದರು. ರೀಡ್ ನೌಕರನಲ್ಲ ಎಂದು ಕೋರ್ಟ್ ಹೇಳಿತು. ತನ್ನದೇ ಕ್ಯಾಮೆರಾ ಹೊತ್ತು ಒಂದು ದಿನಕ್ಕೆ ಹೋಗುವ ಮದುವೆ ಫೋಟೋಗ್ರಾಫರನಿಗೂ ಇದೇ ಅಳತೆಗೋಲು. ಹಾಗಾಗಿಯೇ ಕಂಪನಿಗಳ ಗುತ್ತಿಗೆ ಪತ್ರಗಳಲ್ಲಿ ಹಕ್ಕನ್ನೆಲ್ಲ ಬರೆದುಕೊಡುವ ಕಲಂ ಬಂದು ಕೂತಿತು. ಕಾನೂನು ಕೊಟ್ಟದ್ದನ್ನು ಒಂದು ಸಹಿ ತೆಗೆದುಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾ ಮತ್ತೊಂದು ಕಡೆಯಿಂದ ಗಂಟು ಬಿಡಿಸಲು ಹೋಯಿತು. 2020ರ ಜನವರಿ 1ರಿಂದ ಜಾರಿಯಾದ ಎಬಿ 5 ಕಾಯ್ದೆ, ಫ್ರೀಲಾನ್ಸರ್ ಎಂದು ಹೆಸರಿಟ್ಟು ನೌಕರರಂತೆ ದುಡಿಸುವುದನ್ನು ತಡೆಯಲು ಬಂದದ್ದು. ಸ್ಥಿರಚಿತ್ರ ಛಾಯಾಗ್ರಾಹಕರು ಫ್ರೀಲಾನ್ಸರುಗಳಾಗಿಯೇ ಉಳಿಯಲು ಒಬ್ಬ ಗಿರಾಕಿಗೆ ವರ್ಷಕ್ಕೆ 35 ಸಲ್ಲಿಕೆಗಳ ಮಿತಿ ಹಾಕಿದ್ದರು. ಉದ್ದೇಶ ಒಳ್ಳೆಯದೇ, ಆದರೆ ಸ್ವತಃ ಫೋಟೋಗ್ರಾಫರುಗಳೇ ಕೆಲಸ ತಪ್ಪುತ್ತದೆಂದು ಕೋರ್ಟಿಗೆ ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಬಂದು ಮಿತಿ ಹೋಯಿತು. ಬದಲಿಗೆ ದರ, ಪಾವತಿಯ ದಿನ, ಹಕ್ಕು ಯಾರದ್ದೆಂಬುದು ಬರಹದಲ್ಲಿರಬೇಕು, ಬೇರೆಯವರಿಗೂ ದುಡಿಯುವ ಸ್ವಾತಂತ್ರ್ಯ ಇರಬೇಕು ಎಂಬ ಷರತ್ತು ಸೇರಿತು. ಈ ತಿದ್ದುಪಡಿಯೇ ಹೆಚ್ಚು ವಿವೇಕದ್ದು. ಕಸುಬಿನವರಿಗೆ ಬೇಕಿದ್ದದ್ದು ಎಣಿಕೆಯ ಬೇಲಿಗಿಂತ ಬರಹದ ಕರಾರು. ನ್ಯೂಯಾರ್ಕ್ ನಗರ 2017ರಲ್ಲೇ ಇದನ್ನು ಕಂಡುಕೊಂಡಿತ್ತು: 800 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ, ದಿನ ನಮೂದಿಸದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ.

ಬೆಂಗಳೂರಿಗೂ ಈ ಕಥೆ ಹೊರಗಿನದಲ್ಲ. 2007ರಲ್ಲಿ ಇಲ್ಲಿ ಶುರುವಾದ ಕ್ಯಾನ್ವೆರಾ, ವೃತ್ತಿನಿರತ ಫೋಟೋಗ್ರಾಫರುಗಳಿಗೆ ಆಲ್ಬಂ ಮುದ್ರಿಸಿಕೊಡುವುದನ್ನೇ ಕಂಪನಿಯ ಮಟ್ಟಕ್ಕೆ ಬೆಳೆಸಿತು. ಈಗ ಧಾರೆಗೆ ಬರುವ ಕ್ಯಾಂಡಿಡ್ ತಂಡದಲ್ಲಿ ಕಂಪನಿಯ ಮಾಲೀಕನೇ ಇರಬೇಕೆಂದಿಲ್ಲ, ದಿನಕ್ಕಿಷ್ಟು ಎಂದು ಬಂದ ಹುಡುಗರಿರುತ್ತಾರೆ. ಕರಾರು ಎಷ್ಟೋ ಸಲ ವಾಟ್ಸಾಪ್‌ನ ಒಂದು ಸಾಲು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಅಮೆರಿಕಕ್ಕೆ ತದ್ವಿರುದ್ಧ: ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಫೋಟೋ ತೆಗೆಸಿದವರೇ ಮೊದಲ ಒಡೆಯರು. ಗಿರಾಕಿ ಕಂಪನಿಗೆ ಕೊಟ್ಟ, ಕಂಪನಿ ಹುಡುಗನಿಗೆ ಕೊಟ್ಟಿತು. ಯಾವ ಕಡೆಯಿಂದ ಓದಿದರೂ ಕ್ಯಾಮೆರಾ ಹಿಡಿದವನ ಪಾಲಿಗೆ ಒಡೆತನ ಉಳಿಯದು. ಆದ್ದರಿಂದ ತನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ಆ ಚಿತ್ರ ಹಾಕಿಕೊಳ್ಳಬೇಕಾದರೂ ಅವನು ಮೊದಲೇ ಕೇಳಿ ಬರೆಸಿಕೊಂಡಿರಬೇಕು. ಆದರೆ ಅದೇ ಕಾಯ್ದೆ ಫೋಟೋ ತೆಗೆದ ವ್ಯಕ್ತಿಯನ್ನೇ ಅದರ ಕರ್ತೃವೆಂದು ಕರೆಯುತ್ತದೆ. 57ನೇ ಕಲಮಿನ ಪ್ರಕಾರ, ಒಡೆತನ ಯಾರಿಗೆ ಹೋದರೂ ಈ ಚಿತ್ರ ತೆಗೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಮಂಟಪಗಳಲ್ಲಿ ದಿನಗೂಲಿಗೆ ಕ್ಯಾಮೆರಾ ಹಿಡಿಯುವ ಹುಡುಗರಲ್ಲಿ ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.